38 ಸಂಪುಟಗಳಲ್ಲಿ ಮೊದಲು ಮುದ್ರಿಸಿಕೊಳ್ಳಬೇಕಾದ 250 ಹಾಳೆ

ಕ್ರೈಸ್ತ ಧರ್ಮದ ಮೊದಲ ಐದಾರು ಶತಮಾನಗಳ ಚಿಂತಕರನ್ನು ಅವರದೇ ಮಾತಿನಲ್ಲಿ ಓದಬೇಕು ಅಂತ ಹೊರಟವರು ಇವತ್ತಲ್ಲ ನಾಳೆ ಒಂದು ದೊಡ್ಡ ಇಂಗ್ಲಿಷ್ ಸೆಟ್ಟಿನ ಮುಂದೆ ಬಂದು ನಿಲ್ಲುತ್ತಾರೆ. ಹೆಸರು ‘ಆ್ಯಂಟಿ-ನೈಸೀನ್ ಫಾದರ್ಸ್’ ಮತ್ತು ‘ನೈಸೀನ್ ಅಂಡ್ ಪೋಸ್ಟ್-ನೈಸೀನ್ ಫಾದರ್ಸ್’, ಒಟ್ಟು 38 ಸಂಪುಟ. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರ ಸಭೆಗಿಂತ ಹಿಂದಿನವರಿಗೆ 10, ಆಮೇಲಿನವರಿಗೆ 14ರಂತೆ ಎರಡು ಮಾಲೆ. ಮೊದಲ ಹತ್ತರಲ್ಲಿ ಎಂಟು ಸಂಪುಟದ ಅನುವಾದಗಳು 1867ರಿಂದ ಎಡಿನ್‌ಬರೋದಲ್ಲಿ ಅಲೆಕ್ಸಾಂಡರ್ ರಾಬರ್ಟ್ಸ್ ಮತ್ತು ಜೇಮ್ಸ್ ಡೊನಾಲ್ಡ್‌ಸನ್ ಸಂಪಾದಕತ್ವದಲ್ಲಿ ಬಂದವು. ಅವನ್ನೇ ಅಮೆರಿಕದಲ್ಲಿ ಬಿಷಪ್ ಕ್ಲೀವ್‌ಲೆಂಡ್ ಕಾಕ್ಸ್ 1885ರಿಂದ ಮರುಜೋಡಿಸಿದರು. ಉಳಿದ 28ನ್ನು ಫಿಲಿಪ್ ಶಾಫ್, ಎರಡನೇ ಮಾಲೆಗೆ ಹೆನ್ರಿ ವೇಸ್ ಜೊತೆಗೂಡಿ, 1886ರಿಂದ 1900ರ ನಡುವೆ ತಂದರು. ಪೂರ್ತಿ ಸೆಟ್ಟು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಮರುಮುದ್ರಣದ ಗಟ್ಟಿ ರಟ್ಟಿನ ಸೆಟ್ಟೂ ಮಾರಾಟಕ್ಕಿದೆ.

ತುಮಕೂರಿನಲ್ಲಿ ಕೂತು ಓದುವವರಿಗೆ ನಮ್ಮ ಸಲಹೆ ಇಷ್ಟೇ: ರಟ್ಟಿನ ಸೆಟ್ಟು ಕೊಳ್ಳಬೇಡಿ. ಮೊಬೈಲಿನಲ್ಲೂ ಓದಬೇಡಿ. ಆಯ್ದ ಐದು ಬರಹಗಳನ್ನು ಪಿಡಿಎಫ್‌ನಿಂದ ಕತ್ತರಿಸಿ, ಬಿ.ಎಚ್. ರಸ್ತೆಯ ಕಡೆಯಲ್ಲೋ ನಿಮ್ಮ ಬಡಾವಣೆಯಲ್ಲೋ ಇರುವ ಯಾವುದಾದರೂ ಒಳ್ಳೆಯ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಮುದ್ರಿಸಿ ಬೈಂಡ್ ಮಾಡಿಸಿ. ಎಲ್ಲ ಸೇರಿ ಸುಮಾರು 250 ಹಾಳೆ, ಅಂದರೆ ಅರ್ಧ ರೀಮು. 70 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ 4.4 ಗ್ರಾಂ ತೂಕ. ಲೆಕ್ಕ ಹಾಕಿದರೆ ಒಂದು ಕೆಜಿ 100 ಗ್ರಾಂ. ಇಷ್ಟನ್ನು ಸರಿಯಾಗಿ ಓದಿದವರಿಗೆ ಉಳಿದ ಸಂಪುಟಗಳಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ತಾನೇ ಗೊತ್ತಾಗುತ್ತದೆ.

ಇದು ಕಾನೂನುಬದ್ಧವೇ ಅಂತ ಅಂಗಡಿಯವರೂ ಕೇಳಬಹುದು. ಭಾರತದಲ್ಲಿ ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮೇಲೆ 60 ವರ್ಷ. ಈ ಅನುವಾದಕರೆಲ್ಲ ಹತ್ತೊಂಬತ್ತನೇ ಶತಮಾನದವರು, ಅವಧಿ ಮುಗಿದು ಬಹಳ ಕಾಲವಾಯಿತು. ಹೊಸ ಅನುವಾದಗಳಿಗೆ ಇದು ಅನ್ವಯಿಸುವುದಿಲ್ಲ. ಹೆನ್ರಿ ಚಾಡ್ವಿಕ್ 1991ರಲ್ಲಿ ಮಾಡಿದ ‘ಕನ್ಫೆಷನ್ಸ್’ ಅನುವಾದವನ್ನು ಜೆರಾಕ್ಸ್ ಮಾಡಿಸುವುದು ತಪ್ಪು. ಅದನ್ನು ಕೊಂಡೇ ಓದಬೇಕು, ಮತ್ತು ಕೊಳ್ಳಲು ಯೋಗ್ಯವಾದ ಪುಸ್ತಕ ಅದು.

ಮೊದಲನೆಯದು ಅಗಸ್ಟೀನನ ‘ಕನ್ಫೆಷನ್ಸ್’. ಮೊದಲ ಮಾಲೆಯ 1ನೇ ಸಂಪುಟದಲ್ಲಿದೆ, ಸುಮಾರು 160 ಪುಟ, 80 ಹಾಳೆ. ಅಗಸ್ಟೀನ್ ಹುಟ್ಟಿದ್ದು 354ರಲ್ಲಿ, ಇಂದಿನ ಅಲ್ಜೀರಿಯದ ಥಗಸ್ಟೆಯಲ್ಲಿ. ತೀರಿಕೊಂಡದ್ದು 430ರಲ್ಲಿ, ವ್ಯಾಂಡಲರು ಹಿಪ್ಪೊ ನಗರಕ್ಕೆ ಮುತ್ತಿಗೆ ಹಾಕಿದ್ದಾಗ. ಈ ಪುಸ್ತಕ ಬರೆಯಲು ತೊಡಗಿದ್ದು 397ರ ಸುಮಾರಿಗೆ, ಬಿಷಪ್ ಆದ ಮೇಲೆ. 13 ಭಾಗಗಳಿವೆ. ಒಂದರಿಂದ ಒಂಬತ್ತರವರೆಗೆ ಬದುಕಿನ ಕಥೆ, ಹತ್ತರಲ್ಲಿ ನೆನಪು ಎಂದರೇನು ಎಂಬ ವಿಚಾರ, ಹನ್ನೊಂದರಲ್ಲಿ ಕಾಲ ಎಂದರೇನು ಎಂಬ ವಿಚಾರ, ಕೊನೆಯ ಎರಡರಲ್ಲಿ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದ ವ್ಯಾಖ್ಯಾನ. ಓದುವ ಕ್ರಮವನ್ನು ಸ್ವಲ್ಪ ಬದಲಿಸಿ: ಒಂಬತ್ತರವರೆಗೆ ಸಾಲಾಗಿ, ಆಮೇಲೆ ಹನ್ನೊಂದು, ಆಮೇಲೆ ಹತ್ತು. ಹತ್ತನೆಯದು ಉದ್ದ, ಕಥೆಯ ಓಘ ನಿಂತ ಕೂಡಲೇ ಅದಕ್ಕೆ ಕೈ ಹಾಕಿದವರು ಅಲ್ಲೇ ನಿಂತುಬಿಡುತ್ತಾರೆ. ಹನ್ನೊಂದರಲ್ಲಿ ಪ್ರಶ್ನೆ ಚೂಪಾಗಿದೆ: ಹಿಂದಿನದು ಈಗಿಲ್ಲ, ಮುಂದಿನದು ಇನ್ನೂ ಇಲ್ಲ, ಈಗಿನದಕ್ಕೆ ಅಗಲವೇ ಇಲ್ಲ, ಹಾಗಾದರೆ ನಾವು ಅಳೆಯುತ್ತಿರುವುದು ಯಾವುದನ್ನು? ಆ ಬಿಸಿ ಹಿಡಿದುಕೊಂಡು ನೆನಪಿನ ಅಧ್ಯಾಯಗಳಿಗೆ ಬಂದರೆ ಅವು ತೆರೆದುಕೊಳ್ಳುತ್ತವೆ, ಯಾಕೆಂದರೆ ಅಳತೆ ನಡೆಯುವುದು ಮನಸ್ಸಿನೊಳಗೆ ಅಂತ ಅಗಸ್ಟೀನ್ ಆಗಲೇ ಹೇಳಿರುತ್ತಾನೆ.

ಈ ಸೆಟ್ಟಿನ ಬಗ್ಗೆ ಎಲ್ಲರ ದೂರೂ ಅದರ ಹಳೆಯ ಇಂಗ್ಲಿಷ್ ಮೇಲೆ. ‘ದೌ’, ‘ದೀ’, ‘ಹಾಸ್ಟ್’ ಎಂಬ ಪದಗಳು ಪ್ರತಿ ಸಾಲಿನಲ್ಲೂ ತೊಡರುತ್ತವೆ. ಕನ್ನಡದವರಿಗೆ ಇಲ್ಲೊಂದು ಅನುಕೂಲವಿದೆ. ‘ಕನ್ಫೆಷನ್ಸ್’ ಪುಸ್ತಕವಿಡೀ ದೇವರನ್ನು ಎದುರಿಗೆ ಕೂರಿಸಿಕೊಂಡು ಏಕವಚನದಲ್ಲಿ ಆಡಿದ ಮಾತು. ‘ದೌ’ ಕಂಡಲ್ಲೆಲ್ಲ ‘ನೀನು’ ಅಂತ ಓದಿಕೊಳ್ಳಿ. ಕೂಡಲಸಂಗಮದೇವನನ್ನೂ ಚೆನ್ನಮಲ್ಲಿಕಾರ್ಜುನನನ್ನೂ ‘ನೀನು’ ಎಂದೇ ಕರೆದ ವಚನಗಳು ಕಿವಿಯಲ್ಲಿರುವ ಊರಿನವರಿಗೆ, ಸಿದ್ಧಗಂಗೆಯ ಪಕ್ಕದಲ್ಲೇ ಇರುವವರಿಗೆ, ಆ ಸಲಿಗೆ, ಆ ಅಳಲು, ಆ ಜಗಳ ಏನೂ ಹೊಸದಲ್ಲ. ಇಂದಿನ ಇಂಗ್ಲಿಷಿನ ‘ಯೂ’ದಲ್ಲಿ ಆ ಏಕವಚನ ಕಾಣಿಸುವುದೇ ಇಲ್ಲ. ಹಾಗಾಗಿ ಬೇರೆಯವರು ದೋಷವೆಂದದ್ದು ನಮಗೆ ಗುಣವಾಗಿ ಒದಗುತ್ತದೆ. ಎಂಟನೇ ಭಾಗದ ಹನ್ನೆರಡನೇ ಅಧ್ಯಾಯ, ಮಿಲಾನಿನ ತೋಟದ ಪ್ರಸಂಗ, ಹಾಗೆ ಓದಿ ನೋಡಿ.

ಏಳನೇ ಭಾಗದ ಒಂಬತ್ತನೇ ಅಧ್ಯಾಯದ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಮಾರಿಯಸ್ ವಿಕ್ಟೋರಿನಸ್ ಲ್ಯಾಟಿನ್‌ಗೆ ತಂದ ‘ಪ್ಲೇಟೊವಾದಿಗಳ ಪುಸ್ತಕ’ಗಳಲ್ಲಿ ತನಗೆ ಸಿಕ್ಕಿದ್ದೇನು, ಸಿಗದಿದ್ದುದೇನು ಅಂತ ಅಗಸ್ಟೀನ್ ಅಲ್ಲಿ ಪಟ್ಟಿ ಮಾಡುತ್ತಾನೆ. ಯೋಹಾನನ ಸುವಾರ್ತೆಯ ‘ಆದಿಯಲ್ಲಿ ವಾಕ್ಯವಿತ್ತು’ ಎಂಬುದರ ಅರ್ಥ ಅಲ್ಲಿ ಸಿಕ್ಕಿತು. ‘ಆ ವಾಕ್ಯ ಮನುಷ್ಯದೇಹ ತಾಳಿತು’ ಎಂಬುದು ಸಿಗಲಿಲ್ಲ. ಗ್ರೀಕ್ ತತ್ವಶಾಸ್ತ್ರಕ್ಕೂ ಕ್ರೈಸ್ತ ಚಿಂತನೆಗೂ ನಡುವಿನ ಗಡಿಕಲ್ಲು ಎಲ್ಲಿದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಪುಟ ಸೆಟ್ಟಿನಲ್ಲಿ ಇನ್ನೊಂದಿಲ್ಲ.

ಎರಡನೆಯದು ಅಥನೇಸಿಯಸನ ‘ಆನ್ ದಿ ಇನ್‌ಕಾರ್ನೇಷನ್’. ಎರಡನೇ ಮಾಲೆ, 4ನೇ ಸಂಪುಟ. ದೇವರು ಮನುಷ್ಯದೇಹ ತಾಳಿದ್ದು ಯಾಕೆ ಎಂಬ ವಿಚಾರ, 57 ಪುಟ್ಟ ವಿಭಾಗಗಳು, ಸುಮಾರು 32 ಪುಟ, 16 ಹಾಳೆ. ಈ ಸಂಪುಟಕ್ಕೆ ಆರ್ಚಿಬಾಲ್ಡ್ ರಾಬರ್ಟ್‌ಸನ್ ಬರೆದ ಪೀಠಿಕೆ ಇಡೀ ಸೆಟ್ಟಿನ ಅತ್ಯುತ್ತಮ ಪೀಠಿಕೆಗಳಲ್ಲಿ ಒಂದು. ಐದು ಸಲ ಗಡೀಪಾರಾದ ಈ ಬಿಷಪ್ಪನ ಹೋರಾಟದ ಕಾಲಾನುಕ್ರಮ ಅಲ್ಲೇ ಸಿಗುತ್ತದೆ. ಹಾಳೆ ಉಳಿಸಲು ಅದನ್ನು ಸ್ಕ್ರೀನಿನಲ್ಲೇ ಓದಿಕೊಂಡರೂ ನಡೆಯುತ್ತದೆ.

ಮೂರನೆಯದು ಬರೀ ಮೂರು ಹಾಳೆ, ಆದರೆ ಹೆಚ್ಚು ಜನ ಎಡವುವುದು ಇಲ್ಲೇ. ನಾಲ್ಕನೇ ಶತಮಾನದ ಬಿಷಪ್ ಬೆಸಿಲನ ಪತ್ರಗಳ ನಡುವೆ, ಎರಡನೇ ಮಾಲೆಯ 8ನೇ ಸಂಪುಟದಲ್ಲಿ, 38ನೇ ಪತ್ರ. ಬರೆದದ್ದು ಬೆಸಿಲನ ತಮ್ಮ, ನಿಸ್ಸಾದ ಗ್ರೆಗರಿ, ಎಂದೇ ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ. ವಿಷಯ: ‘ಊಸಿಯ’ ಎಂದರೇನು, ‘ಹೈಪೋಸ್ಟಾಸಿಸ್’ ಎಂದರೇನು. ಈ ಎರಡು ಪದಗಳ ಚರಿತ್ರೆ ಗೊತ್ತಿಲ್ಲದೆ ನಾಲ್ಕನೇ ಶತಮಾನದ ಯಾವ ಪುಟವೂ ಅರ್ಥವಾಗದು. 325ರಲ್ಲಿ ನೈಸಿಯ ಸಭೆ ಹೊರಡಿಸಿದ ಖಂಡನೆಯಲ್ಲಿ ಎರಡೂ ಪದಗಳು ಒಂದೇ ಅರ್ಥದವು ಎಂಬಂತೆ ಅಕ್ಕಪಕ್ಕ ಬರುತ್ತವೆ. ಮುಂದೆ ಬೆಸಿಲ್ ಮತ್ತು ಸಂಗಡಿಗರ ಕೈಯಲ್ಲಿ ಅವು ಬೇರೆಯಾಗಿ, ದೇವರು ಒಂದು ಊಸಿಯ; ತಂದೆ, ಮಗ, ಪವಿತ್ರಾತ್ಮ ಮೂರು ಹೈಪೋಸ್ಟಾಸಿಸ್ ಎಂಬ ತ್ರಿಯೇಕದ ಸೂತ್ರ ನಿಂತಿತು. ಲ್ಯಾಟಿನ್ ಬಲ್ಲವರಿಗೆ ಇನ್ನೂ ಗೊಂದಲ: ‘ಹೈಪೋಸ್ಟಾಸಿಸ್’ ಎಂಬ ಪದವನ್ನು ಬಿಡಿಸಿ ಲ್ಯಾಟಿನ್‌ಗೆ ಇಟ್ಟರೆ ‘ಸಬ್‌ಸ್ಟಾನ್ಷಿಯ’ ಆಗುತ್ತದೆ, ಆದರೆ ಲ್ಯಾಟಿನ್‌ನವರು ಆ ಪದವನ್ನು ಒಂದೇ ಆಗಿರುವುದಕ್ಕೆ ಬಳಸುತ್ತಿದ್ದರು. ಗ್ರೀಕರು ‘ಮೂರು’ ಎಂದಾಗ ಪಶ್ಚಿಮದವರಿಗೆ ಮೂವರು ದೇವರು ಎಂದು ಕೇಳಿಸಿತು.

ಪತ್ರದ ಉದಾಹರಣೆ ಸರಳ. ‘ಮನುಷ್ಯ’ ಎಂದರೆ ಎಲ್ಲರಿಗೂ ಸೇರಿದ ಹೆಸರು. ‘ಪೌಲ’, ‘ತಿಮೊಥೆಯ’ ಎಂದರೆ ಒಬ್ಬೊಬ್ಬರಿಗೆ ಸೇರಿದ್ದು. ಮೊದಲನೆಯದು ಊಸಿಯದ ಕಡೆ, ಎರಡನೆಯದು ಹೈಪೋಸ್ಟಾಸಿಸ್ ಕಡೆ. ಬೈಬಲಿನ ಯೋಬನ ಪುಸ್ತಕದ ಶುರುವನ್ನೂ ಪತ್ರ ತೋರಿಸುತ್ತದೆ: ಮೊದಲು ‘ಒಬ್ಬ ಮನುಷ್ಯ’ ಎಂದು, ಆಮೇಲೆ ಊರು, ಹೆಸರು, ಗುಣ ಸೇರಿಸುತ್ತ ಆ ಒಬ್ಬನನ್ನೇ ಗುರುತಿಗೆ ತರುವ ಬಗೆ. ಓದುವಾಗ ಅಂಚಿನಲ್ಲಿ ‘ಸಾಮಾನ್ಯ’, ‘ವಿಶೇಷ’ ಎಂದು ಕನ್ನಡದಲ್ಲೇ ಬರೆದುಕೊಂಡು ಹೋದರೆ ದಾರಿ ತಪ್ಪುವುದಿಲ್ಲ.

ದಾರಿ ತಪ್ಪಿಸುವ ಎರಡು ಹೋಲಿಕೆಗಳು ನಮ್ಮಲ್ಲಿ ಸಿದ್ಧವಾಗಿ ಕಾದಿರುತ್ತವೆ. ಒಂದು, ಮಣ್ಣು ಮತ್ತು ಗಡಿಗೆ. ಅಲ್ಲಿ ಒಂದೇ ಮಣ್ಣು ತುಂಡುತುಂಡಾಗಿ ಹಂಚಿಹೋಗುತ್ತದೆ. ಈ ಚಿಂತಕರು ಹೇಳುವ ಸತ್ತ್ವ ಹಂಚಿಹೋಗುವಂಥದ್ದಲ್ಲ. ಇನ್ನೊಂದು, ಒಬ್ಬನೇ ಮನುಷ್ಯ ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಮೇಷ್ಟ್ರು, ಸಂಘದಲ್ಲಿ ಅಧ್ಯಕ್ಷ ಎಂಬ ಹೋಲಿಕೆ. ಇದು ಸಬೆಲಿಯಸ್ ಹೆಸರಿಗೆ ಅಂಟಿದ ವಾದ, ಮೂರನೇ ಶತಮಾನದಲ್ಲೇ ಚರ್ಚು ತಳ್ಳಿಹಾಕಿದ್ದು. ತ್ರಿಮೂರ್ತಿಗಳ ಜೊತೆ ತ್ರಿಯೇಕವನ್ನು ಹೋಲಿಸುವ ಭಾಷಣಗಳಲ್ಲಿ ಸಾಮಾನ್ಯವಾಗಿ ನುಸುಳುವುದು ಇದೇ. ಹೋಲಿಕೆ ಬೇಕೇ ಬೇಕು ಅನ್ನಿಸಿದರೆ ಪತ್ರದಲ್ಲೇ ಇರುವ ಕಾಮನಬಿಲ್ಲು ನೋಡಿ: ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತವೆ, ಒಂದು ಮುಗಿದು ಇನ್ನೊಂದು ಶುರುವಾಗುವ ಗೆರೆ ಮಾತ್ರ ಸಿಗದು.

ನಾಲ್ಕನೆಯದು ನಿಸ್ಸಾದ ಗ್ರೆಗರಿಯ ‘ಆನ್ ದಿ ಸೋಲ್ ಅಂಡ್ ದಿ ರಿಸರೆಕ್ಷನ್’, ಎರಡನೇ ಮಾಲೆಯ 5ನೇ ಸಂಪುಟದಲ್ಲಿ ಸುಮಾರು 40 ಪುಟ, 20 ಹಾಳೆ. ಸಾವಿನ ಹಾಸಿಗೆಯಲ್ಲಿರುವ ಅಕ್ಕ ಮ್ಯಾಕ್ರಿನಾ ಜೊತೆ ತಮ್ಮನ ಸಂವಾದ. ಅನುಮಾನ ಎತ್ತುವವನು ತಮ್ಮ, ಬಿಡಿಸಿ ಹೇಳುವವಳು ಅಕ್ಕ. ಅವಳನ್ನು ಆತ ಗುರು ಎಂದೇ ಕರೆಯುತ್ತಾನೆ. ಮಾತಿಗೆ ಮಾತು ಕೊಟ್ಟು ತತ್ವ ಬೆಳೆಸುವ ಈ ರೀತಿ ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆ ಓದಿದವರಿಗೆ ತಕ್ಷಣ ಹತ್ತಿರವಾಗುತ್ತದೆ. ಮುದ್ರಿಸಿದ ಪ್ರತಿಯಲ್ಲಿ ಯಾರ ಮಾತು ಎಲ್ಲಿ ಮುಗಿಯಿತು ಎಂಬುದು ಸ್ಪಷ್ಟವಿರುವುದಿಲ್ಲ. ಮೊದಲ ಓದಿನಲ್ಲೇ ಅಂಚಿನಲ್ಲಿ ‘ಅ’, ‘ತ’ ಎಂದು ಪೆನ್ಸಿಲಿನಲ್ಲಿ ಹಾಕಿಕೊಳ್ಳಿ.

ಐದನೆಯದು ಒರಿಜೆನ್ನನ ‘ಎಗೇನ್ಸ್ಟ್ ಸೆಲ್ಸಸ್’. ಮೊದಲ ಹತ್ತರಲ್ಲಿ 4ನೇ ಸಂಪುಟ, ಸುಮಾರು 275 ಪುಟ, 138 ಹಾಳೆ. ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾರ ಇದರದೇ. ಎರಡನೇ ಶತಮಾನದ ಕೊನೆಯ ಹೊತ್ತಿಗೆ ಸೆಲ್ಸಸ್ ಎಂಬ ಗ್ರೀಕ್ ಚಿಂತಕ ಕ್ರೈಸ್ತರ ವಿರುದ್ಧ ಬರೆದ ಪುಸ್ತಕ ಕಳೆದುಹೋಗಿದೆ. ಅದು ನಮಗೆ ಬಹುಮಟ್ಟಿಗೆ ಸಿಗುವುದು 248ರ ಸುಮಾರಿಗೆ ಒರಿಜೆನ್ ಅದನ್ನು ಸಾಲುಸಾಲಾಗಿ ಎತ್ತಿ ಹೇಳಿ ಉತ್ತರ ಕೊಟ್ಟದ್ದರಿಂದ. ಅಪ್ಪಟ ಪೂರ್ವಪಕ್ಷ, ಸಿದ್ಧಾಂತ. ಸೆಲ್ಸಸನ ಮಾತುಗಳಿಗೆ ಕೆಂಪು ಪೆನ್ಸಿಲಿನ ಗೆರೆ ಎಳೆಯುತ್ತ ಹೋದರೆ ಕೊನೆಗೆ ಕಳೆದುಹೋದ ಪುಸ್ತಕವೇ ಅಂಚಿನಲ್ಲಿ ಎದ್ದು ನಿಲ್ಲುತ್ತದೆ. ಎದುರಾಳಿಯನ್ನು ಇಷ್ಟು ಪೂರ್ತಿಯಾಗಿ ಮಾತಾಡಲು ಬಿಟ್ಟ ಒರಿಜೆನ್ನನ ಪ್ರಾಮಾಣಿಕತೆಗೆ ನಾವು ಋಣಿಗಳು. ಎಂಟು ಭಾಗಗಳಲ್ಲಿ ಸಮಯವಿಲ್ಲದವರು ಒಂದು, ನಾಲ್ಕು, ಎಂಟು ಓದಲಿ.

ಇನ್ನು ಸೆಟ್ಟಿನ ಕೊರತೆಗಳು. ಅಲೆಕ್ಸಾಂಡ್ರಿಯದ ಕ್ಲೆಮೆಂಟನ ‘ಸ್ಟ್ರೊಮಾಟ’ದ ಮೂರನೇ ಭಾಗ ಮದುವೆ, ಸಂಯಮದ ಬಗ್ಗೆ ಮಾತಾಡುತ್ತದೆ ಎಂಬ ಕಾರಣಕ್ಕೆ ಅನುವಾದಕರು ಅದನ್ನು ಇಂಗ್ಲಿಷಿಗೆ ತರದೆ ಲ್ಯಾಟಿನ್‌ನಲ್ಲೇ ಬಿಟ್ಟಿದ್ದಾರೆ. ಜಾನ್ ಕ್ಯಾಸಿಯನ್‌ನ ‘ಇನ್‌ಸ್ಟಿಟ್ಯೂಟ್ಸ್’ನ ಆರನೇ ಭಾಗ, ‘ಕಾನ್ಫರೆನ್ಸಸ್’ನ 12 ಮತ್ತು 22ನೆಯವು ಅದೇ ಸಂಕೋಚಕ್ಕೆ ಬಿಟ್ಟುಹೋಗಿವೆ. ಬೈಬಲಿನ ಕೀರ್ತನೆಗಳ ಮೇಲೆ ಅಗಸ್ಟೀನ್ ಬರೆದ ವ್ಯಾಖ್ಯಾನವನ್ನು ಮೊಟಕುಗೊಳಿಸಲಾಗಿದೆ. ಮೊದಲ ಎಂಟು ಸಂಪುಟಗಳಲ್ಲಿ ಚೌಕಾವರಣದೊಳಗೆ ಕಾಕ್ಸ್ ಸೇರಿಸಿದ ಟಿಪ್ಪಣಿಗಳಲ್ಲಿ ರೋಮನ್ ಕ್ಯಾಥೊಲಿಕ್ ಚರ್ಚಿನ ವಿರುದ್ಧದ ವಾದ ತುಂಬಾ ಇದೆ. ಮೂಲಕ್ಕೂ ಅದಕ್ಕೂ ಸಂಬಂಧವಿಲ್ಲ, ದಾಟಿ ಮುಂದೆ ಹೋಗಿ. ಗ್ರೆಗರಿಯ ‘ಲೈಫ್ ಆಫ್ ಮೋಸಸ್’ ಇಲ್ಲ. ಎವಾಗ್ರಿಯಸ್, ಡಯೊನೀಸಿಯಸ್ ಹೆಸರಿನ ಬರಹಗಳು, ಮ್ಯಾಕ್ಸಿಮಸ್, ಬೊಯಿಥಿಯಸ್ ಯಾರಿಗೂ ಸಂಪುಟವಿಲ್ಲ. ಸಿರಿಯಾಕ್ ಭಾಷೆಯ ಎಫ್ರೇಮ್ ಮತ್ತು ಅಫ್ರಹಾತರಿಗೆ ಸಿಕ್ಕಿದ್ದು ಒಂದು ಸಂಪುಟದ ಒಂದು ಪಾಲು ಮಾತ್ರ, ಮತ್ತು ಅದು ದೊಡ್ಡ ಅನ್ಯಾಯ.

ಟಿಪ್ಪಣಿಗಳ ವಯಸ್ಸನ್ನೂ ಮರೆಯಬಾರದು. ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ನಾಸ್ಟಿಕರ (ಗುಪ್ತಜ್ಞಾನದಿಂದಲೇ ಮುಕ್ತಿ ಎಂದ ಹಳೆಯ ಪಂಥದವರು, ‘ನಾಸ್ತಿಕ’ರಲ್ಲ) ಬರಹಗಳಿರುವ 13 ಹಸ್ತಪ್ರತಿಗಳು ಸಿಕ್ಕಿದ್ದು 1945ರಲ್ಲಿ. ಅದಕ್ಕೂ ಅರ್ಧ ಶತಮಾನ ಹಿಂದಿನ ಈ ಸಂಪಾದಕರು ನಾಸ್ಟಿಕರ ಬಗ್ಗೆ ಬರೆದದ್ದು ಬಹುಮಟ್ಟಿಗೆ ಅವರ ವಿರೋಧಿಗಳ ಮಾತನ್ನು ನಂಬಿ ಬರೆದದ್ದು.

ಮೂರನೇ ಶತಮಾನದ ಪ್ಲೇಟೊವಾದಿ ಪ್ಲಾಟಿನಸ್ ಕ್ರೈಸ್ತನಲ್ಲ, ಹಾಗಾಗಿ ಸೆಟ್ಟಿನಲ್ಲಿಲ್ಲ. ಆದರೆ ಅವನಿಲ್ಲದೆ ಅಗಸ್ಟೀನ್ ಅರ್ಧ. ಅವನ ‘ಎನಿಯಡ್ಸ್’ಗೆ ಸ್ಟೀಫನ್ ಮೆಕೆನ್ನಾ ಮಾಡಿದ ಅನುವಾದ 1917–30ರ ನಡುವೆ ಬಂದದ್ದು, ಅದೂ ಈಗ ಮುಕ್ತ. 54 ಬರಹಗಳಲ್ಲಿ ಎರಡು ಸಾಕು: ಸೌಂದರ್ಯದ ಬಗೆಗಿನ 1.6, ‘ಮೂರು ಮೂಲ ಹೈಪೋಸ್ಟಾಸಿಸ್’ಗಳ ಬಗೆಗಿನ 5.1. ಆ ಪದ ಅಲ್ಲಿ ಬೇರೆಯೇ ಅರ್ಥದಲ್ಲಿದೆ ಎಂಬುದನ್ನು ಗಮನಿಸಿ: ಒಂದರಿಂದ ಇನ್ನೊಂದು ಇಳಿದು ಬರುವ ಮೆಟ್ಟಿಲುಗಳು ಅವು. ಬೆಸಿಲ್, ಗ್ರೆಗರಿ ಹೇಳುವ ಮೂರರಲ್ಲಿ ಮೇಲುಕೀಳಿಲ್ಲ.

ಮುದ್ರಣದ ವಿಷಯಕ್ಕೆ ಬರೋಣ. ಪಿಡಿಎಫ್ ಎರಡು ಬಗೆ. ಹಳೆಯ ಪುಸ್ತಕದ ಸ್ಕ್ಯಾನ್ ಒಂದು. ಅಂತರ್ಜಾಲದ ‘ಕ್ರಿಶ್ಚಿಯನ್ ಕ್ಲಾಸಿಕ್ಸ್ ಎಥೀರಿಯಲ್ ಲೈಬ್ರರಿ’ಯಲ್ಲಿರುವಂತೆ ಮರು ಟೈಪ್ ಮಾಡಿದ್ದು ಇನ್ನೊಂದು. ಹುಡುಕಲು ಎರಡನೆಯದು, ಮುದ್ರಿಸಲು ಮೊದಲನೆಯದು. ಮರು ಟೈಪ್ ಮಾಡಿದ್ದರಲ್ಲಿ ಎರಡು ಕಾಲಂ ಒಂದಾಗಿ ಪುಟಗಳು ಬಹಳ ಹೆಚ್ಚುತ್ತವೆ, ಮೇಲೆ ಕೊಟ್ಟ ಹಾಳೆ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಅದರ ಗ್ರೀಕ್ ಅಕ್ಷರಗಳು ಚೌಕಗಳಾಗಿ ಬರುವುದೂ ಉಂಟು. ಹಾಗಾದರೆ ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಲು ಹೇಳಿ.

ಅತಿ ಹೆಚ್ಚು ಹಾಳೆ ಹಾಳಾಗುವುದು ಪುಟಸಂಖ್ಯೆಯ ತಪ್ಪಿನಿಂದ. ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ ಬೇರೆ, ಫೈಲಿನ ಸಂಖ್ಯೆ ಬೇರೆ. ರಟ್ಟು, ಮುಖಪುಟ, ಪರಿವಿಡಿ ಸೇರಿ ಹತ್ತು ಹದಿನೈದು ಪುಟ ಸರಿದಿರುತ್ತದೆ. ‘45ರಿಂದ ಹೊಡೀರಿ’ ಎಂದರೆ ಅಂಗಡಿಯವರು ಫೈಲಿನ 45ರಿಂದ ಹೊಡೆಯುತ್ತಾರೆ. ಬೇಕಾದ ಪುಟಗಳನ್ನು ಮನೆಯಲ್ಲೇ ಕತ್ತರಿಸಿ ಐದು ಬೇರೆ ಫೈಲು ಮಾಡಿಕೊಂಡೇ ಹೋಗಿ. ‘ಆ್ಯಕ್ಚುವಲ್ ಸೈಜ್’ ಬೇಡ, ‘ಫಿಟ್’ ಇಡಿಸಿ, ಬೈಂಡಿಂಗ್ ಕಡೆ 20 ಮಿಮೀ ಖಾಲಿ ಬಿಡಿಸಿ. ದುಡ್ಡು ಉಳಿಸಲು ಎ5ಗೆ ಇಳಿಸಿದರೆ ಅಡಿಟಿಪ್ಪಣಿಯನ್ನು ಭೂತಗನ್ನಡಿ ಹಿಡಿದೇ ಓದಬೇಕಾಗುತ್ತದೆ. ಹಳದಿ ಹಿನ್ನೆಲೆಯ ಬಣ್ಣದ ಸ್ಕ್ಯಾನ್ ಇದ್ದರೆ ಪುಟವೆಲ್ಲ ಬೂದಿಯಾಗಿ ಟೋನರ್ ಮೆತ್ತಿಕೊಳ್ಳುತ್ತದೆ. ಕಪ್ಪು ಬಿಳುಪಿನ ಫೈಲನ್ನೇ ಇಳಿಸಿಕೊಳ್ಳಿ. ಪೂರ್ತಿ ಕೊಡುವ ಮುಂಚೆ ಒಂದೇ ಒಂದು ಹಾಳೆ ಹೊಡೆಸಿ ಬೆಳಕಿನಲ್ಲಿ ಹಿಡಿದು ನೋಡಿ: ಅಡಿಟಿಪ್ಪಣಿಯ 3 ಮತ್ತು 8 ಬೇರೆಬೇರೆಯಾಗಿ ಕಾಣಬೇಕು, ಗ್ರೀಕ್ ಅಕ್ಷರದ ತಲೆಯ ಮೇಲಿನ ಚಿಕ್ಕ ಗುರುತುಗಳು ಮಸಿಯಲ್ಲಿ ಕೂಡಿಕೊಂಡಿರಬಾರದು. ಇಷ್ಟು ಪಾಸಾದರೆ ಉಳಿದದ್ದೆಲ್ಲ ಪಾಸು.

ಬೈಂಡಿಂಗ್‌ನಲ್ಲಿ ಸ್ಪೈರಲ್ ಬೇಗ ಆಗುತ್ತದೆ, ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಆದರೆ ತೂತಿನ ಬಳಿ ಮೊದಲ ಮತ್ತು ಕೊನೆಯ ಹಾಳೆಗಳು ಹರಿಯುತ್ತವೆ. ಬಿಸಿ ಅಂಟಿನ ಸಾಫ್ಟ್ ಬೈಂಡಿಂಗ್ 150 ಹಾಳೆಯವರೆಗೆ ಪರವಾಗಿಲ್ಲ, ಅದಕ್ಕಿಂತ ದಪ್ಪವಾದರೆ ನಟ್ಟನಡುವೆ ಬಾಯಿ ಬಿಡುತ್ತದೆ. ನಮ್ಮ ಆಯ್ಕೆ ಹಳೆಯ ಕಾಲದ ಬೈಂಡರುಗಳು ಲೆಡ್ಜರಿಗೆ ಮಾಡುತ್ತಿದ್ದಂತೆ ಪಕ್ಕದಲ್ಲಿ ತೂತು ಹೊಡೆದು ದಾರ ಹಾಕುವುದು. ಅಂಟಿಗೆ ಮೈದಾ ಬಳಸಿದರೆ ಚಿಟಿಕೆ ಮೈಲುತುತ್ತ ಹಾಕಲೇಬೇಕು, ಇಲ್ಲದಿದ್ದರೆ ಜಿರಲೆಗೂ ಬೆಳ್ಳಿಮೀನಿಗೂ ಅದೇ ಊಟ. ಮೈಲುತುತ್ತ ವಿಷ, ಮಕ್ಕಳ ಕೈಗೆ ಸಿಗದಿರಲಿ. ಒಂದು ರಾತ್ರಿ ಭಾರ ಹೇರಿ ಇಡಬೇಕು. ಮಳೆಗಾಲದಲ್ಲಿ ಎರಡು ರಾತ್ರಿ. ಕನ್ಫೆಷನ್ಸ್ ಒಂದು ಪುಸ್ತಕ, ಒರಿಜೆನ್ ಒಂದು ಪುಸ್ತಕ, ಉಳಿದ ಮೂರು ಸೇರಿ ಇನ್ನೊಂದು. 70 ಜಿಎಸ್‌ಎಂನಲ್ಲಿ ಜೆಲ್ ಪೆನ್ನು ಹಿಂಬದಿಗೆ ಇಳಿಯುತ್ತದೆ, ಪೆನ್ಸಿಲ್ ಮಾತ್ರ.

ಈ ಮೂರೂ ಮುಗಿದವರು ಅಗಸ್ಟೀನನ ‘ಸಿಟಿ ಆಫ್ ಗಾಡ್’ಗೆ ಹೋಗಬಹುದು: ಮೊದಲ ಮಾಲೆಯ 2ನೇ ಸಂಪುಟ, ಸುಮಾರು 510 ಪುಟ, 255 ಹಾಳೆ. ಒಂದೇ ಬೈಂಡಿಂಗ್‌ಗೆ ಇದು ಜಾಸ್ತಿ. ಎಲ್ಲಿ ಕತ್ತರಿಸಬೇಕು ಎಂಬುದನ್ನು ಅಗಸ್ಟೀನನೇ ಹೇಳಿದ್ದಾನೆ. ಫರ್ಮಸ್ ಎಂಬವನಿಗೆ ಬರೆದ ಪತ್ರವೊಂದು ಇಪ್ಪತ್ತನೇ ಶತಮಾನದಲ್ಲಿ ಬೆಳಕಿಗೆ ಬಂತು, ಹಾಗಾಗಿ ಸೆಟ್ಟಿನಲ್ಲಿ ಅದು ಇಲ್ಲ. 22 ಭಾಗಗಳು ಒಂದೇ ಹೊತ್ತಿಗೆಯಲ್ಲಿ ಹಿಡಿಸಲಾರವು. ಎರಡು ಮಾಡುವುದಾದರೆ ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಹನ್ನೆರಡು ಇಡು, ಹೆಚ್ಚು ಬೇಕಿದ್ದರೆ ಐದು, ಐದು, ನಾಲ್ಕು, ನಾಲ್ಕು, ನಾಲ್ಕರಂತೆ ಐದು ಮಾಡು ಎಂದು ಅದರಲ್ಲಿದೆ. ಎರಡು ಮಾಡಿಸಿ, ಹತ್ತನೇ ಭಾಗ ಮುಗಿದಲ್ಲಿಗೆ.